ಸಸ್ಯಬಂಧು ಲಿನೇಯಸ್

ಊರಿಗೊಂದು ಹೆಸರು ಹೊತ್ತ ಗಿಡಮರಗಳು ಲೆಕ್ಕವಿಲ್ಲದಷ್ಟಿವೆ. ಕನ್ನಡಿಗರ ಸಂಪಿಗೆಯು ಸಂಸ್ಕೃತದಲ್ಲಿ ಚಂಪಕ, ತಮಿಳಿನಲ್ಲಿ ಶೆಣ್ಬಗ. ಹೆಸರು ಬೇರೆಯಾದರೂ ಮರ ಒಂದೇ ಎಂಬುದನ್ನು ಆ ಭಾಷೆಗಳನ್ನು ಬಲ್ಲವರು ಮಾತ್ರ ಅರಿಯಬಲ್ಲರು. ಒಂದೇ ಹೆಸರಿನಿಂದ ಎರಡು ಗಿಡಗಳನ್ನು ಕರೆಯುವುದೂ ಉಂಟು. ಔಷಧಿಯ ಗಿಡಗಳ ವಿಷಯದಲ್ಲಿ ಇಂತಹ ಗೊಂದಲವು ಪ್ರಾಣಕ್ಕೇ ಎರವಾಗಬಹುದು. ದೂರದೂರದ ಸಸ್ಯಪ್ರೇಮಿಗಳು ತಾವು ಕಂಡ ಗಿಡವನ್ನು ಪರಸ್ಪರ ತಿಳಿಸಿ, ಅದು ಯಾವುದೆಂದು ಕೂಡಿ ನಿರ್ಧರಿಸಬೇಕಾದರೆ ಎಲ್ಲರಿಗೂ ಸಮಾನವಾದ ಒಂದು ಭಾಷೆ ಬೇಕು. ಅಂತಹ ಭಾಷೆಯನ್ನು ರೂಪಿಸಿಕೊಟ್ಟವನು ಸ್ವೀಡನ್ ದೇಶದ ಕಾರ್ಲ್ ಲಿನೇಯಸ್.

ಲಿನೇಯಸನು 1707ನೆಯ ಇಸವಿ ಮೇ 23ರಂದು ದಕ್ಷಿಣ ಸ್ವೀಡನ್ನಿನ ರಾಶುಲ್ಟ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ನಿಲ್ಸ್ ಕ್ರೈಸ್ತ ಪುರೋಹಿತ. ಮನೆತನದ ನೆಲದಲ್ಲಿ ಬೆಳೆದಿದ್ದ ದೊಡ್ಡ ಲಿಂಡೆನ್ ಮರವೊಂದರಿಂದ ಆತನು ತನ್ನ ಮನೆತನದ ಹೆಸರನ್ನು ಆರಿಸಿಕೊಂಡಿದ್ದನು. ನಿಲ್ಸನಿಗೆ ತೋಟಗಾರಿಕೆಯಲ್ಲಿ ಅಪಾರ ಪ್ರೀತಿ. ಮಗನಿಗೆ ಗಿಡಗಳ ಹೆಸರುಗಳನ್ನು ಹೇಳಿಕೊಟ್ಟು, ಅವನ್ನು ಮರೆಯದಂತೆ ತಾಕೀತು ಮಾಡುತ್ತಿದ್ದನು. ಬಾಲಕನ ಮನಸ್ಸು ಶಾಲೆಯ ಪಾಠಗಳಿಗಿಂತ ಹೊಲದ ಬದುಗಳಲ್ಲಿಯೇ ನೆಟ್ಟಿತ್ತು. ಈತನಿಗೆ ವಿದ್ಯೆ ಹತ್ತದು, ಯಾವುದಾದರೂ ಕೈಕಸುಬಿಗೆ ಹಚ್ಚುವುದು ಲೇಸೆಂದು ಕೆಲವು ಉಪಾಧ್ಯಾಯರು ತಂದೆಗೆ ಸಲಹೆಯಿತ್ತರು. ಆದರೆ ವೈದ್ಯನೂ ಅಧ್ಯಾಪಕನೂ ಆಗಿದ್ದ ರಾತ್‌ಮನ್ ಎಂಬಾತನು ಹುಡುಗನ ಒಲವನ್ನು ಗುರುತಿಸಿ, ತನ್ನ ಮನೆಯಲ್ಲಿಯೇ ಇರಿಸಿಕೊಂಡು ಸಸ್ಯಶಾಸ್ತ್ರವನ್ನು ಕಲಿಸಿದನು.

1728ರಲ್ಲಿ ಲಿನೇಯಸನು ಉಪ್ಸಾಲ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಕಡುಬಡತನವು ಆತನನ್ನು ಕಾಡಿತು. ಸವೆದ ಪಾದರಕ್ಷೆಗಳಿಗೆ ಕಾಗದವನ್ನು ಒತ್ತಿಕೊಂಡು ನಡೆಯಬೇಕಾಯಿತು. ಮರುವರ್ಷ ವಿಶ್ವವಿದ್ಯಾನಿಲಯದ ತೋಟದಲ್ಲಿ ಗಿಡಗಳನ್ನು ಪರೀಕ್ಷಿಸುತ್ತಿದ್ದ ಈ ತರುಣನನ್ನು ಓಲೋಫ್ ಸೆಲ್ಸಿಯಸ್ ಎಂಬ ಹಿರಿಯ ವಿದ್ವಾಂಸನು ಕಂಡನು. ಉಷ್ಣತಾಮಾನಕ್ಕೆ ತನ್ನ ಹೆಸರನ್ನು ನೀಡಿರುವ ಆಂಡರ್ಸ್ ಸೆಲ್ಸಿಯಸನಿಗೆ ಆತನು ಚಿಕ್ಕಪ್ಪ. ಬೈಬಲ್ಲಿನಲ್ಲಿ ಬರುವ ಸಸ್ಯಗಳನ್ನು ಕುರಿತು ಗ್ರಂಥ ರಚಿಸುತ್ತಿದ್ದ ಆ ವೃದ್ಧನಿಗೆ ಗಿಡಗಳ ಗುರುತು ಹೇಳುವವರು ಬೇಕಾಗಿತ್ತು. ತರುಣನಿಗೆ ಅನ್ನ, ಆಶ್ರಯ, ಪುಸ್ತಕಗಳು ಬೇಕಾಗಿದ್ದವು. ಇಬ್ಬರೂ ಒಬ್ಬರಿಗೊಬ್ಬರು ಒದಗಿದರು. ತಿಳಿದವರು ತಿಳಿಯದವರಿಗೆ ನೆರವಾದಾಗಲೇ ವಿದ್ಯೆ ಬೆಳೆಯುವುದೆಂಬ ಪಾಠವನ್ನು ಲಿನೇಯಸನು ಹೀಗೆ ತನ್ನ ಬಾಳಿನಿಂದಲೇ ಕಲಿತನು.

1732ರಲ್ಲಿ ಆತನು ಉತ್ತರದ ಲ್ಯಾಪ್‌ಲ್ಯಾಂಡ್ ಪ್ರದೇಶದಲ್ಲಿ ಸುಮಾರು ಐದು ತಿಂಗಳು ಸಂಚರಿಸಿ ಅಲ್ಲಿನ ಸಸ್ಯಗಳನ್ನು ಸಂಗ್ರಹಿಸಿದನು. ಗಿಡಗಳ ಬಳಕೆಯನ್ನು ಆ ನೆಲದ ಸಾಮಿ ಜನರಿಂದ ಕೇಳಿ ತಿಳಿದನು. 1735ರಲ್ಲಿ ಹಾಲೆಂಡಿಗೆ ತೆರಳಿ ವೈದ್ಯ ಪದವಿ ಪಡೆದನು. ಅಲ್ಲಿ ಗ್ರೊನೋವಿಯಸ್ ಎಂಬ ವಿದ್ವಾಂಸನು ಲಿನೇಯಸನ ಹಸ್ತಪ್ರತಿಯನ್ನು ಕಂಡು ಬೆರಗಾಗಿ, ಅದರ ಮುದ್ರಣಕ್ಕೆ ತಾನೇ ಹಣವೊದಗಿಸಿದನು. ಹೀಗೆ ಹೊರಬಂದ ಕೆಲವೇ ಪುಟಗಳ ಕೃತಿಯೇ 'ಸಿಸ್ಟೆಮ ನ್ಯಾಚುರೆ'. ಕ್ಲಿಫರ್ಡ್ ಎಂಬ ಸಿರಿವಂತನ ತೋಟದಲ್ಲಿ ಲಿನೇಯಸನು ಬಾಳೆಯ ಗಿಡಕ್ಕೆ ಕೆಲವು ವಾರ ನೀರು ತಡೆದು, ಬಳಿಕ ಮಳೆ ಸುರಿದಂತೆ ನೀರೆರೆದು, ಆ ಚಳಿನಾಡಿನಲ್ಲಿ ಅದು ಹೂಬಿಟ್ಟು ಕಾಯಿ ಕಚ್ಚುವಂತೆ ಮಾಡಿದನು. ಯುರೋಪಿನ ಜನರಿಗೆ ಅದೊಂದು ಅಚ್ಚರಿಯೇ ಆಯಿತು.

ಆ ಕಾಲದ ವಿದ್ವಾಂಸರು ಒಂದು ಗಿಡವನ್ನು ಹೆಸರಿಸಲು ಲ್ಯಾಟಿನ್ ಭಾಷೆಯ ಹತ್ತು ಹನ್ನೆರಡು ಪದಗಳನ್ನು ಬಳಸುತ್ತಿದ್ದರು. ಕೊಂಬೆ, ಎಲೆ, ಹೂ ಎಲ್ಲದರ ವರ್ಣನೆಯೂ ಆ ಹೆಸರಿನಲ್ಲಿಯೇ ಅಡಗಿರುತ್ತಿತ್ತು. ಅದನ್ನು ನೆನಪಿಡುವುದೂ ಕಷ್ಟ, ಪತ್ರದಲ್ಲಿ ಬರೆಯುವುದೂ ಕಷ್ಟ. 1753ರಲ್ಲಿ ಪ್ರಕಟವಾದ 'ಸ್ಪೀಶೀಸ್ ಪ್ಲಾಂಟೇರಮ್' ಎಂಬ ಎರಡು ಸಂಪುಟಗಳ ಗ್ರಂಥದಲ್ಲಿ ಲಿನೇಯಸನು ಸುಮಾರು 6000 ಸಸ್ಯಗಳಿಗೆ ಎರಡೇ ಪದಗಳ ಹೆಸರುಗಳನ್ನು ಕೊಟ್ಟನು. ಮೊದಲನೆಯ ಪದ ಜಾತಿಯನ್ನೂ ಎರಡನೆಯದು ಪ್ರಭೇದವನ್ನೂ ಸೂಚಿಸುತ್ತದೆ. ಅಶ್ವತ್ಥವು ಫೈಕಸ್ ರಿಲಿಜಿಯೋಸ. ಆಲವು ಫೈಕಸ್ ಬೆಂಗಾಲೆನ್ಸಿಸ್. ಇವೆರಡೂ ಒಂದೇ ಜಾತಿಗೆ ಸೇರಿದ ಬೇರೆ ಪ್ರಭೇದಗಳೆಂಬುದು ಹೆಸರಿನಿಂದಲೇ ತಿಳಿಯುತ್ತದೆ. ಅಲ್ಲದೆ ಹೂವಿನ ಕೇಸರಗಳನ್ನೂ ಶಲಾಕೆಗಳನ್ನೂ ಎಣಿಸಿ ಗಿಡಗಳನ್ನು ವರ್ಗಗಳಾಗಿ ವಿಂಗಡಿಸುವ ಸುಲಭ ಕ್ರಮವನ್ನು ಆತನು ಮೊದಲೇ ತೋರಿಸಿಕೊಟ್ಟಿದ್ದನು. ಆ ವರ್ಗೀಕರಣವು ಮುಂದೆ ಬಳಕೆ ತಪ್ಪಿತಾದರೂ ಆ ಕಾಲಕ್ಕೆ ಅದು ಮಾಡಿದ ಉಪಕಾರ ದೊಡ್ಡದು. ಎಣಿಸಲು ಬಲ್ಲ ಯಾರಾದರೂ, ವ್ಯಾಪಾರಿಯೇ ಆಗಲಿ ರೈತನೇ ಆಗಲಿ, ಸಸ್ಯವನ್ನು ಗುರುತಿಸುವ ಕಾರ್ಯದಲ್ಲಿ ಪಾಲುಗೊಳ್ಳುವುದು ಸಾಧ್ಯವಾಯಿತು.

1741ರಲ್ಲಿ ಉಪ್ಸಾಲದ ಪ್ರಾಧ್ಯಾಪಕನಾದ ಲಿನೇಯಸನಿಗೆ ನಾನಾ ದೇಶಗಳಿಂದ ಪತ್ರಗಳು ಬರತೊಡಗಿದವು. ಪತ್ರಗಳೊಡನೆ ಒಣಗಿಸಿದ ಗಿಡಗಳೂ ಬೀಜಗಳೂ ಬರುತ್ತಿದ್ದವು. ಲಂಡನ್ನಿನ ಬಟ್ಟೆ ವ್ಯಾಪಾರಿ ಪೀಟರ್ ಕಾಲಿನ್‌ಸನ್, ಅಮೆರಿಕದ ಪೆನ್ಸಿಲ್ವೇನಿಯದ ರೈತ ಜಾನ್ ಬಾರ್‌ಟ್ರಮ್ ಮೊದಲಾದವರು ಈ ಬಳಗದಲ್ಲಿದ್ದರು. ವರ್ಜೀನಿಯದ ಜಾನ್ ಕ್ಲೇಟನ್ ತನಗೆ ದೊರೆತ ಗಿಡಗಳನ್ನು ಹಾಲೆಂಡಿನ ಗ್ರೊನೋವಿಯಸನಿಗೆ ಕಳುಹಿಸುತ್ತಿದ್ದನು. ಅವನ್ನು ಗುರುತಿಸುವಲ್ಲಿ ಗ್ರೊನೋವಿಯಸನು ಲಿನೇಯಸನ ನೆರವು ಪಡೆಯುತ್ತಿದ್ದನು. ಮುಖ ಕಾಣದವರು ಸಹ ಗಿಡದ ನೆಪದಿಂದ ಸ್ನೇಹಿತರಾದರು. ಲಿನೇಯಸನಿಗೆ ಪ್ರಿಯವಾಗಿದ್ದ ಉತ್ತರದ ಕಾಡುಗಳ ಪುಟ್ಟ ಹೂಬಳ್ಳಿಗೆ ಲಿನೇಯ ಎಂಬ ಹೆಸರನ್ನಿತ್ತವನೂ ಗೆಳೆಯ ಗ್ರೊನೋವಿಯಸನೇ.

ಲಿನೇಯಸನು ಭಾರತವನ್ನು ಕಂಡವನಲ್ಲ. ಆದರೂ ಮಾವು, ಸಂಪಿಗೆ, ಪಾರಿಜಾತ, ಆಡುಸೋಗೆಗಳು ಆತನ ಗ್ರಂಥದಲ್ಲಿವೆ. ಪಾಲ್ ಹರ್ಮನ್ ಎಂಬ ವೈದ್ಯನು ಸಿಂಹಳದಲ್ಲಿ ಸಂಗ್ರಹಿಸಿದ್ದ ಒಣಸಸ್ಯಗಳು ಆತನ ಕೈಸೇರಿದ್ದವು. 'ಹಾರ್ಟಸ್ ಮಲಬಾರಿಕಸ್' ಎಂಬ ಬೃಹತ್ ಗ್ರಂಥವೂ ಆತನಿಗೆ ಆಧಾರವಾಗಿತ್ತು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ಈ ಗ್ರಂಥವು 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಹಿಂದೆ ಕೇರಳದ ವೈದ್ಯ ಇಟ್ಟಿ ಅಚ್ಯುತನ್ ಹಾಗೂ ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟ ಎಂಬ ಕೊಂಕಣಿ ವಿದ್ವಾಂಸರ ತಿಳಿವಳಿಕೆಯಿತ್ತು. ಸಂಪಿಗೆಗೆ ಲಿನೇಯಸನು ಕೊಟ್ಟ ಹೆಸರಿನಲ್ಲಿ ಚಂಪಕ ಎಂಬ ಪದವೂ, ಆಡುಸೋಗೆಗೆ ಕೊಟ್ಟ ಹೆಸರಿನಲ್ಲಿ ಅಧತೋಡ ಎಂಬ ಪದವೂ ಉಳಿದುಬಂದಿವೆ. ಆ ಹೆಸರುಗಳ ಜೊತೆಗೆ ಸಸ್ಯಶಾಸ್ತ್ರದ ಪುಸ್ತಕಗಳಲ್ಲಿ ಲಿನೇಯಸನ ಗುರುತು ಇದೆ. ಗಿಡಗಳನ್ನು ಮೊದಲೇ ಅರಿತಿದ್ದ ವೈದ್ಯರ ಗುರುತು ಇಲ್ಲ. ಆದುದರಿಂದ ಆ ಹೆಸರುಗಳನ್ನು ಓದುವಾಗ ಅವರನ್ನೂ ಸ್ಮರಿಸುವುದು ನ್ಯಾಯ.

ಉಪ್ಸಾಲದಲ್ಲಿ ಲಿನೇಯಸನು ಬೇಸಿಗೆಯ ದಿನಗಳಲ್ಲಿ ಶಿಷ್ಯರನ್ನು ಹೊಲಕಾಡುಗಳಿಗೆ ಕರೆದೊಯ್ಯುತ್ತಿದ್ದನು. ಶಿಷ್ಯರು ಚದುರಿ ಗಿಡಗಳನ್ನು ಹುಡುಕಿ ತರುವರು. ಗುರುವು ಒಂದೆಡೆ ಕುಳಿತು ಅವುಗಳ ಲಕ್ಷಣವನ್ನು ವಿವರಿಸುವನು. ಒಬ್ಬನು ಎಲ್ಲವನ್ನೂ ಬರೆದುಕೊಳ್ಳುವನು. ಸಂಜೆ ಕೊಂಬು, ನಗಾರಿಗಳೊಡನೆ ಮೆರವಣಿಗೆಯು ಊರಿಗೆ ಮರಳುವುದು. ಕಲಿಕೆಯೇ ಹಬ್ಬವಾಗಿದ್ದ ಆ ದಿನಗಳು ಶಿಷ್ಯರಲ್ಲಿ ಹುಮ್ಮಸ್ಸು ತುಂಬಿದವು.

ಅವರಲ್ಲಿ ಹಲವರು ಗಿಡಗಳನ್ನರಸುತ್ತ ದೂರದೇಶಗಳಿಗೆ ಹೊರಟರು. ಈ ಸಾಹಸಕ್ಕೆ ತೆತ್ತ ಬೆಲೆ ಭಾರಿಯಾಗಿತ್ತು. ಮೊದಲು ಹೊರಟ ಟೇರ್ನ್‌ಸ್ಟ್ರೋಮ್ 1746ರಲ್ಲಿ ಪೂರ್ವ ಸಮುದ್ರದ ದ್ವೀಪವೊಂದರಲ್ಲಿ ಮಡಿದನು. ಆತನ ವಿಧವೆಯು ಲಿನೇಯಸನನ್ನೇ ದೂರಿದಳು. ಅಂದಿನಿಂದ ಆತನು ಅವಿವಾಹಿತರನ್ನು ಮಾತ್ರ ಕಳುಹಿಸಲು ನಿಶ್ಚಯಿಸಿದನು. ಆದರೆ ಸಾವು ನಿಲ್ಲಲಿಲ್ಲ. 1752ರಲ್ಲಿ ಹ್ಯಾಸೆಲ್‌ಕ್ವಿಸ್ಟ್ ಸ್ಮಿರ್ನಾದ ಬಳಿ, 1756ರಲ್ಲಿ ಲೋಫ್ಲಿಂಗ್ ದಕ್ಷಿಣ ಅಮೆರಿಕದಲ್ಲಿ, 1763ರಲ್ಲಿ ಫೋರ್ಸ್‌ಕಾಲ್ ಅರೇಬಿಯದಲ್ಲಿ ತೀರಿಕೊಂಡರು. ಹ್ಯಾಸೆಲ್‌ಕ್ವಿಸ್ಟನ ಬರಹಗಳನ್ನು ಲಿನೇಯಸನೇ ಸಂಪಾದಿಸಿ ಪ್ರಕಟಿಸಿದನು. ಒಂದೊಂದು ಒಣ ಎಲೆಯ ಹಿಂದೆಯೂ ಒಂದು ತರುಣ ಜೀವದ ಶ್ರಮವಿರಬಹುದೆಂಬುದನ್ನು ಆ ಸಂಗ್ರಹಗಳು ಸಾರುತ್ತವೆ.

ಮತ್ತೊಬ್ಬ ಶಿಷ್ಯ ಕೋನಿಗ್ 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದನು. ಗುರುವಿನ ಕ್ರಮವನ್ನು ಈ ನೆಲದ ಗಿಡಗಳಿಗೆ ಅನ್ವಯಿಸಿದನು. ಮುಂದೆ ಭಾರತದ ಸಸ್ಯಶಾಸ್ತ್ರದಲ್ಲಿ ಹೆಸರಾದ ರಾಕ್ಸ್‌ಬರೋನಂತಹ ಸ್ನೇಹಿತರಿಗೆ ಮಾರ್ಗದರ್ಶಕನಾದನು. ತರಂಗಂಬಾಡಿಯ ಪಾದ್ರಿಗಳಲ್ಲಿಯೂ ಗಿಡಗಳ ಅಧ್ಯಯನದ ಆಸಕ್ತಿ ಬೆಳೆಯಿತು. ಆ ಬಳಗಕ್ಕೆ ಸೇರಿದ ಬೆಂಜಮಿನ್ ಹೈನ್ ಎಂಬಾತನು 1799ರ ತರುವಾಯ ಮೈಸೂರು ಸೀಮೆಯ ಮೋಜಣಿಯಲ್ಲಿ ದುಡಿದು, ಬೆಂಗಳೂರಿನ ಲಾಲ್‌ಬಾಗಿನ ಹೊಣೆಯನ್ನೂ ಕೆಲಕಾಲ ಹೊತ್ತನು.

ಲಿನೇಯಸನು ದೋಷರಹಿತನಾಗಿರಲಿಲ್ಲ. ತನ್ನ ಸಾಧನೆಯ ಬಗ್ಗೆ ಆತನಿಗೆ ಅತಿಯಾದ ಅಭಿಮಾನವಿತ್ತು. ಟೀಕೆಯನ್ನು ಆತನು ಸಹಿಸುತ್ತಿರಲಿಲ್ಲ. ಕೊನೆಗಾಲದಲ್ಲಿ ವಿಧಿಯು ಆತನನ್ನು ಕಠಿಣವಾಗಿ ಪರೀಕ್ಷಿಸಿತು. 1774ರಿಂದ ಪಾರ್ಶ್ವವಾಯುವಿಗೆ ತುತ್ತಾಗಿ, ಸಹಸ್ರಾರು ಗಿಡಗಳಿಗೆ ಹೆಸರಿಟ್ಟವನು ತನ್ನ ಹೆಸರನ್ನೇ ನೆನೆಯಲಾರದ ಸ್ಥಿತಿಗೆ ಬಂದನು. 1778ರ ಜನವರಿ 10ರಂದು ಉಪ್ಸಾಲದಲ್ಲಿ ಕಣ್ಮುಚ್ಚಿದನು.

ಆತನ ಸ್ಮರಣಶಕ್ತಿ ಅಳಿದರೂ ಆತನು ನೆಲೆಗೊಳಿಸಿದ ಹೆಸರುಗಳು ಅಳಿಯಲಿಲ್ಲ. ಆತನ ಸಸ್ಯಸಂಗ್ರಹವನ್ನು 1784ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ ಕೊಂಡು ಲಂಡನ್ನಿಗೆ ತರಿಸಿದನು. 1788ರಲ್ಲಿ ಅಲ್ಲಿ ಲಿನೇಯನ್ ಸೊಸೈಟಿ ಸ್ಥಾಪನೆಯಾಯಿತು. ಆ ಒಣಗಿಡಗಳನ್ನು ವಿದ್ವಾಂಸರು ಇಂದಿಗೂ ಪರಿಶೀಲಿಸುತ್ತಾರೆ. ಸಸ್ಯಗಳ ಶಾಸ್ತ್ರೀಯ ನಾಮಕರಣಕ್ಕೆ 1753ರ ಗ್ರಂಥವನ್ನೇ ಮೊದಲ ಮೈಲಿಗಲ್ಲೆಂದು ಜಗತ್ತು ಒಪ್ಪಿದೆ. ಕೆಲವು ಹೆಸರುಗಳು ತಿದ್ದುಪಡಿ ಹೊಂದಿವೆ. ಹೊಸ ಹೆಸರುಗಳು ಸೇರುತ್ತಲೇ ಇವೆ. ಗುಡ್ಡದಲ್ಲಿ ದನ ಕಾಯುವವನು ತೋರಿಸಿದ ಗಿಡವನ್ನು ಉಪಾಧ್ಯಾಯನೊಬ್ಬನು ಒಣಗಿಸಿ ಕಳುಹಿಸಿದರೆ, ಸಾವಿರಾರು ಮೈಲಿಗಳಾಚೆಯ ಪಂಡಿತನು ಅದನ್ನು ಗುರುತಿಸಬಲ್ಲನು. ಹಸಿರು ಜಗತ್ತು ಒಬ್ಬನ ಅರಿವಿಗೆ ನಿಲುಕುವಂತಹುದಲ್ಲ. ಹಲವರು ಕೂಡಿ ಅದನ್ನು ಅರಿಯುವ ಹಾದಿಯನ್ನು ಹಸನು ಮಾಡಿದ್ದೇ ಲಿನೇಯಸನ ಹಿರಿಮೆ.