ಆಯ್ದಕ್ಕಿ ಮಾರಯ್ಯನವರು: ಚೆಲ್ಲಿದ ಕಾಳಿನ ದಾಸೋಹ

ತೊಗರಿಯ ರಾಶಿ ಮುಗಿದ ಬಳಿಕ ಹೊಲದಲ್ಲಿ ಉದುರಿದ ಕಾಳನ್ನು, ಕೊಯ್ಲಿನಲ್ಲಿ ತಪ್ಪಿದ ಜೋಳದ ತೆನೆಯನ್ನು ಆಯ್ದುಕೊಳ್ಳುವುದಕ್ಕೆ ಹಕ್ಕಲು ಆಯುವುದು ಎನ್ನುತ್ತೇವೆ. ರಾವೂರ, ಚಿತ್ತಾಪುರ, ಸೇಡಂ ಸೀಮೆಯ ಹಿರಿಯರಿಗೆ ಇದು ಹೊಸ ಮಾತಲ್ಲ. ಇಂತಹ ಹಕ್ಕಲನ್ನೇ ಕಾಯಕವಾಗಿ ಸ್ವೀಕರಿಸಿ ದಾಸೋಹ ನಡೆಸಿದವರು 12ನೆಯ ಶತಮಾನದ ಶರಣರಾದ ಆಯ್ದಕ್ಕಿ ಮಾರಯ್ಯನವರು.

ಮಾರಯ್ಯನವರು ಇಂದಿನ ರಾಯಚೂರು ಜಿಲ್ಲೆ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು. ಬಸವಣ್ಣನವರ ಕೀರ್ತಿಯನ್ನು ಕೇಳಿ ಪತ್ನಿ ಲಕ್ಕಮ್ಮನವರೊಂದಿಗೆ ಕಲ್ಯಾಣಕ್ಕೆ ಬಂದರು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಒಂದೊಂದಾಗಿ ಆಯ್ದು ತರುವುದು ಪತಿಯ ಕಾಯಕ. ಅದನ್ನು ಹಸನು ಮಾಡಿ ಬೇಯಿಸಿ, ಜಂಗಮರಿಗೆ ಬಡಿಸಿ, ಉಳಿದುದನ್ನು ಉಣ್ಣುವುದು ಇಬ್ಬರ ನಿತ್ಯ ನೇಮ. ಬೇಡಿ ತಂದುದಲ್ಲ, ಕೂಡಿಟ್ಟುದೂ ಅಲ್ಲ. ಅವರ ಹೆಸರಿಗೇ ಆ ಅಕ್ಕಿ ಅಂಟಿಕೊಂಡಿತು.

ಕಾಯಕದಲ್ಲಿ ತೊಡಗಿದಾಗ ಗುರುದರ್ಶನವನ್ನೂ ಲಿಂಗಪೂಜೆಯನ್ನೂ ಮರೆಯಬೇಕೆಂದು ಸಾರಿದವರು ಮಾರಯ್ಯನವರು. ಅಂಥವರೇ ಒಮ್ಮೆ ಶರಣರ ಅನುಭಾವಗೋಷ್ಠಿಯಲ್ಲಿ ಮೈಮರೆತು ಕುಳಿತರು. ಹೊತ್ತು ಮೀರುತ್ತಿದೆಯೆಂದು ಎಚ್ಚರಿಸಿದವರು ಲಕ್ಕಮ್ಮನವರು. ಅವಸರದಿಂದ ಹೋದ ಮಾರಯ್ಯನವರು ಆ ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಅವರನ್ನು ಪರೀಕ್ಷಿಸಲೆಂದು ಬಸವಣ್ಣನವರೇ ಹೆಚ್ಚು ಅಕ್ಕಿ ಚೆಲ್ಲಿಸಿದ್ದರೆಂದು ಪರಂಪರೆ ಹೇಳುತ್ತದೆ. ಲಕ್ಕಮ್ಮನವರು ಹಿಗ್ಗಲಿಲ್ಲ. ಇಂದಿಗೆ ಬೇಕಾದುದಕ್ಕಿಂತ ಮಿಗಿಲಾದುದು ಆಸೆಯ ಗುರುತು; ಎಲ್ಲಿಂದ ತಂದಿರೋ ಅಲ್ಲಿಯೇ ಸುರಿದು ಬನ್ನಿರೆಂದು ಪತಿಯನ್ನು ಮರಳಿ ಕಳುಹಿಸಿದರು. ಮಾರಯ್ಯನವರು ಮರುಮಾತಾಡದೆ ಹೋಗಿ ಸುರಿದು ಬಂದರು.

ಈ ಪ್ರಸಂಗವನ್ನು ಬಡತನದ ಹಿರಿಮೆಯೆಂದು ಹೇಳಿ ಮುಗಿಸುವವರು ಬಹಳ. ನಮಗೆ ಅಷ್ಟು ಸಾಲದೆನಿಸುತ್ತದೆ. ಅಂಗಳಕ್ಕೆ ಮರಳಿದ ಅಕ್ಕಿ ಹಾಳಾಗಲಿಲ್ಲ. ಮತ್ತೊಬ್ಬರು ಆಯ್ದುಕೊಳ್ಳಲು ಅದು ಉಳಿಯಿತು. ಶ್ರಾವಣದಲ್ಲಿ, ಜಾತ್ರೆಯಲ್ಲಿ ದಾಸೋಹಕ್ಕೆ ಭಕ್ತರು ಪ್ರೀತಿಯಿಂದ ಕಾಯಿಪಲ್ಯ ತರುತ್ತಾರೆ. ಅಕ್ಕಿಯನ್ನಾದರೂ ನಾಳೆಗೆ ಇಡಬಹುದು. ಮೆಂತ್ಯದ ಸೊಪ್ಪು, ಮಾಗಿದ ಟೊಮೆಟೊ ಸಂಜೆಯವರೆಗೂ ಕಾಯುವುದಿಲ್ಲ. ನಮ್ಮ ಅಡುಗೆಗೆ ಮಿಕ್ಕುದನ್ನು ಉಗ್ರಾಣದಲ್ಲಿ ಬಾಡಲು ಬಿಡುವುದೋ, ಅದೇ ಮಧ್ಯಾಹ್ನ ಹಸಿದವರ ಮನೆಗೆ ಮುಟ್ಟಿಸುವುದೋ? ಸಂತೆ ಎದ್ದ ಮೇಲೆ ಮಾರಾಟವಾಗದೆ ಉಳಿದ ಬದನೆ, ಹೀರೆಗಳ ವಿಷಯವೂ ಇಷ್ಟೇ. ಅವನ್ನು ಆಯ್ದು ತರುವ ಕೈಗಳಿಗೆ ಸಂಕೋಚ ಬೇಡ. ಆ ಕಾಯಕಕ್ಕೆ ಮಾರಯ್ಯನವರಂಥ ಹಿರಿಯರಿದ್ದಾರೆ.

ಈ ದಂಪತಿಗಳ ಕಥೆ ಶೂನ್ಯಸಂಪಾದನೆಯಲ್ಲಿ ಒಂದು ಸಂಪಾದನೆಯಾಗಿಯೇ ನಿಂತಿದೆ. ಮಾರಯ್ಯನವರ ಅಂಕಿತ ಅಮರೇಶ್ವರಲಿಂಗ. ಊರು ಬಿಟ್ಟು ಬಂದರೂ ಊರ ದೈವವನ್ನು ಅವರು ಬಿಡಲಿಲ್ಲ. ಲಕ್ಕಮ್ಮನವರು ಅದಕ್ಕೆ ಪತಿಯ ಹೆಸರನ್ನೂ ಸೇರಿಸಿಕೊಂಡರು. ಆಕೆಯ 25 ವಚನಗಳು ದೊರೆತಿವೆ. ಅಲ್ಲಿಯ ನೇರ ನುಡಿಯನ್ನು ಓದಿದವರಿಗೆ ಆ ಮನೆಯಲ್ಲಿ ಗುರುಸ್ಥಾನ ಯಾರದೆಂದು ಹೇಳಬೇಕಾಗಿಲ್ಲ.

ಮುಂದೆ ಇದೇ ದಂಪತಿಗಳು ಬಸವಣ್ಣನವರನ್ನೂ 1,96,000 ಜಂಗಮರನ್ನೂ ತಮ್ಮ ಗುಡಿಸಲಿಗೆ ಊಟಕ್ಕೆ ಕರೆದರೆಂದು ಪುರಾತನರು ಹೇಳುತ್ತಾರೆ. ಅಂದು ಒಲೆಗೇರಿದ್ದು ಆ ದಿನ ಆಯ್ದು ತಂದ ಅಕ್ಕಿಯಷ್ಟೇ. ಎಲ್ಲರೂ ಉಂಡು ತೃಪ್ತರಾದರು.