ಲೆಕ್ಕವೂ ಜೀವವೂ ಕೂಡಿದ ದಾರಿ: ಜಿ. ಎನ್. ರಾಮಚಂದ್ರನ್



ಪ್ರತಿವರ್ಷ ಹತ್ತನೆಯ ತರಗತಿಯ ಫಲಿತಾಂಶ ಹೊರಬಿದ್ದ ಬಳಿಕ, ಭಾನುವಾರದ ಬಲಿಪೂಜೆ ಮುಗಿಯುತ್ತಲೇ ಕೆಲವು ತಂದೆತಾಯಂದಿರು ಒಂದೇ ಪ್ರಶ್ನೆಯನ್ನು ಹೊತ್ತು ಬರುವುದುಂಟು. ಮಗಳಿಗೆ ಲೆಕ್ಕವೆಂದರೆ ಪ್ರಾಣ. ಗಿಡಮರ, ಜೀವಜಂತುಗಳೆಂದರೂ ಅಷ್ಟೇ ಅಕ್ಕರೆ. ಎಂಜಿನಿಯರ್ ಆಗಲೆಂದು ಜೀವಶಾಸ್ತ್ರವನ್ನು ಬಿಡಿಸುವುದೋ, ಡಾಕ್ಟರ್ ಆಗಲೆಂದು ಗಣಿತವನ್ನು ಬಿಡಿಸುವುದೋ? ಒಂದನ್ನು ಬಿಡಲೇಬೇಕೇ ಎಂದು ಕೇಳುವವರು ಮಾತ್ರ ವಿರಳ. ಆ ಕೇಳದ ಪ್ರಶ್ನೆಗೆ ಒಬ್ಬ ಮಹಾನುಭಾವರ ಬಾಳೇ ಉತ್ತರವಾಗಿದೆ.

ಗೋಪಾಲಸಮುದ್ರಂ ನಾರಾಯಣನ್ ರಾಮಚಂದ್ರನ್ ಜನಿಸಿದ್ದು 1922ರ ಅಕ್ಟೋಬರ್ 8ರಂದು, ಎರ್ನಾಕುಲಂನಲ್ಲಿ. ತಂದೆ ಅಲ್ಲಿನ ಮಹಾರಾಜ ಕಾಲೇಜಿನಲ್ಲಿ ಗಣಿತದ ಪ್ರಾಧ್ಯಾಪಕರು. ಹೀಗಾಗಿ ಲೆಕ್ಕದ ರುಚಿ ಮನೆಯಲ್ಲೇ ಹತ್ತಿತು. ಮುಂದೆ ಯೇಸುಸಭೆಯ ಗುರುಗಳು ನಡೆಸುವ ತಿರುಚಿರಾಪಳ್ಳಿಯ ಸಂತ ಜೋಸೆಫರ ಕಾಲೇಜಿನಲ್ಲಿ ಭೌತಶಾಸ್ತ್ರ ಓದಿದರು. 1942ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದಾಗ ಸೇರಿದ್ದು ವಿದ್ಯುತ್ ಎಂಜಿನಿಯರಿಂಗ್ ವಿಭಾಗಕ್ಕೆ. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. ಸರ್ ಸಿ. ವಿ. ರಾಮನ್ ಅವರು ಯುವಕನ ಪ್ರತಿಭೆಯನ್ನು ಗುರುತಿಸಿ ತಮ್ಮ ಭೌತಶಾಸ್ತ್ರ ವಿಭಾಗಕ್ಕೆ ಸೇರಿಸಿಕೊಂಡರು. ಸೇರಿದ ದಾರಿ ತನ್ನದಲ್ಲವೆಂದು ಅರಿತಾಗ ಹೊರಳುವುದು ಸೋಲಲ್ಲ ಎಂಬ ಮೊದಲ ಪಾಠ ಇಲ್ಲಿದೆ.

1947ರಿಂದ ಎರಡು ವರ್ಷ ಕೇಂಬ್ರಿಜ್‌ನಲ್ಲಿ ಸಂಶೋಧನೆ ನಡೆಸಿ ಮರಳಿದ ಅವರು, 1952ರಲ್ಲಿ, ಮೂವತ್ತು ತುಂಬುವ ವೇಳೆಗೆ, ಮದ್ರಾಸ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾದರು. ಅಲ್ಲಿಗೆ ಭೇಟಿಯಿತ್ತ ವಿಜ್ಞಾನಿ ಜೆ. ಡಿ. ಬರ್ನಾಲ್ ಅವರೊಡನೆ ನಡೆದ ಮಾತುಕತೆಯಿಂದ ಕೊಲಾಜೆನ್ ಎಂಬ ಪ್ರೋಟೀನಿನತ್ತ ಅವರ ದೃಷ್ಟಿ ಹರಿಯಿತು. ನಮ್ಮ ಚರ್ಮ, ಮೂಳೆ, ಸ್ನಾಯುಬಂಧಗಳನ್ನು ಬಿಗಿಯಾಗಿ ಹಿಡಿದಿರುವ ವಸ್ತು ಅದೇ. ಗೋಪಿನಾಥ್ ಕರ್ತ ಅವರೊಡಗೂಡಿ 1954ರಲ್ಲಿ ಅದರ ರಚನೆಯನ್ನು ಮುಂದಿಟ್ಟರು: ಕಂಪ್ಲಿಯ ರೈತ ಎಳೆಗಳನ್ನು ಸೇರಿಸಿ ಹೊಸೆಯುವ ಹಗ್ಗದಂತೆ, ಮೂರು ಸರಪಣಿಗಳು ಒಂದನ್ನೊಂದು ಸುತ್ತಿಕೊಂಡ ರೂಪವದು.

ಕೇಂಬ್ರಿಜ್‌ನಿಂದ ಫ್ರಾನ್ಸಿಸ್ ಕ್ರಿಕ್ ಮತ್ತು ಅಲೆಕ್ಸಾಂಡರ್ ರಿಚ್ ಆಕ್ಷೇಪವೆತ್ತಿದರು. ಮೂರೆಳೆಯ ಕಲ್ಪನೆ ಸರಿಯಾದರೂ, ಈ ರಚನೆಯಲ್ಲಿ ಕೆಲವು ಪರಮಾಣುಗಳು ಮಿತಿಮೀರಿ ಹತ್ತಿರ ಬಂದಿವೆ ಎಂಬುದು ಅವರ ವಾದ. ಜಗದ್ವಿಖ್ಯಾತರ ಟೀಕೆಗೆ ಗುರಿಯಾದ ರಾಮಚಂದ್ರನ್ ಮುನಿಸಿಕೊಂಡು ಕೂರಲಿಲ್ಲ. ಪರಮಾಣುಗಳು ಎಷ್ಟು ಹತ್ತಿರ ಬರಬಲ್ಲವು ಎಂಬ ಆ ಪ್ರಶ್ನೆಯನ್ನೇ ಕೈಗೆತ್ತಿಕೊಂಡರು. ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ತಾಳ್ಮೆಯಿಂದ ಲೆಕ್ಕ ಹಾಕಿದರು. ಪ್ರೋಟೀನಿನ ಸರಪಣಿ ಪ್ರತಿ ಕೊಂಡಿಯಲ್ಲೂ ಮುಖ್ಯವಾಗಿ ಎರಡು ಕೋನಗಳಲ್ಲಿ ತಿರುಗುತ್ತದೆ. ಆ ಎರಡನ್ನು ಒಂದು ಚೌಕದ ಎರಡು ಅಂಚುಗಳಲ್ಲಿ ಗುರುತಿಸಿದಾಗ, ಬಹುಪಾಲು ಜಾಗ ನಿಷಿದ್ಧವೆಂದೂ, ಕೆಲವೇ ದ್ವೀಪಗಳಂಥ ಪ್ರದೇಶಗಳಲ್ಲಿ ಮಾತ್ರ ತಿರುವು ಸಾಧ್ಯವೆಂದೂ ತಿಳಿಯಿತು. 1963ರಲ್ಲಿ ಪ್ರಕಟವಾದ ಈ ನಕ್ಷೆಯೇ ರಾಮಚಂದ್ರನ್ ನಕ್ಷೆ. ಪ್ರೋಟೀನಿನ ರಚನೆಯನ್ನು ಪರೀಕ್ಷಿಸಲು ಇಂದಿಗೂ ಜಗತ್ತಿನಾದ್ಯಂತ ಅದನ್ನೇ ಬಳಸುತ್ತಾರೆ. ಟೀಕೆಯೊಂದು ವಿನಯವುಳ್ಳ ಮನಸ್ಸಿನಲ್ಲಿ ಬಿದ್ದು ಫಲಕೊಟ್ಟ ಬಗೆ ಇದು.

1971ರಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗವನ್ನು ಕಟ್ಟಿದರು. ಅದೇ ವರ್ಷ ಎ. ವಿ. ಲಕ್ಷ್ಮೀನಾರಾಯಣನ್ ಅವರೊಡನೆ, ಹಲವು ದಿಕ್ಕುಗಳ ಎಕ್ಸ್‌ರೇ ನೆರಳುಗಳಿಂದ ಒಳಗಿನ ಚಿತ್ರವನ್ನು ಗಣಿತದಿಂದ ಮರಳಿ ಪಡೆಯುವ ವಿಧಾನವನ್ನು ಪ್ರಕಟಿಸಿದರು. ಸಿ.ಟಿ. ಸ್ಕ್ಯಾನ್ ತಂತ್ರದ ಬೆಳವಣಿಗೆಗೆ ಅದು ನೆರವಾಯಿತು. 1977ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ ದೊರೆಯಿತು. ನೊಬೆಲ್ ಮಾತ್ರ ಬರಲಿಲ್ಲ. ಮುಂದೆ ಅವರು ತರ್ಕಶಾಸ್ತ್ರವನ್ನು ಗಣಿತದ ಭಾಷೆಗೆ ತರಲು ಯತ್ನಿಸಿದರು. 1998ರಲ್ಲಿ ಪತ್ನಿ ರಾಜಲಕ್ಷ್ಮಿಯವರನ್ನು ಕಳೆದುಕೊಂಡರು. ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ಬಳಲಿ, 2001ರ ಏಪ್ರಿಲ್ 7ರಂದು ಚೆನ್ನೈಯಲ್ಲಿ ತೀರಿಕೊಂಡರು.

ಜ್ಞಾನವನ್ನು ಶಾಖೆಗಳಾಗಿ ವಿಂಗಡಿಸಿದ್ದು ನಮ್ಮ ಅನುಕೂಲಕ್ಕಾಗಿ. ಸೃಷ್ಟಿಯಲ್ಲಿ ಆ ಗೆರೆಗಳಿಲ್ಲ. ಇದು ದೂರದವರ ಕಥೆಯೆಂದುಕೊಳ್ಳಬೇಡಿ. 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ ಅವರೂ ಸಂಖ್ಯಾಶಾಸ್ತ್ರವನ್ನು ಹಿಡಿದೇ ಕೇಂಬ್ರಿಜ್‌ನಲ್ಲಿ ಸುಡಾನಿನ ಪ್ರಾಚೀನ ಮನುಷ್ಯರ ಮೂಳೆಗಳ ಅಳತೆಗಳನ್ನು ವಿಶ್ಲೇಷಿಸಿದರು. ಹಂಪಿಯ ಕಂಬಗಳನ್ನು ಕಡೆದ ಶಿಲ್ಪಿಗೂ ಅಳತೆಯೂ ಬೇಕಿತ್ತು, ಕುದುರೆಯ ಮೈಕಟ್ಟಿನ ಅರಿವೂ ಬೇಕಿತ್ತು.

ಆದುದರಿಂದ ತಂದೆತಾಯಂದಿರೇ, ಮಗುವಿಗೆ ಎರಡರಲ್ಲೂ ಒಲವಿದ್ದರೆ ಅವಸರಪಟ್ಟು ಒಂದನ್ನು ಕತ್ತರಿಸಬೇಡಿ. ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರಗಳನ್ನು ಒಟ್ಟಿಗೆ ಓದುವ ಅವಕಾಶವಿದೆ. ಹೊರೆ ಹೆಚ್ಚು, ನಿಜ. ರಾಮಚಂದ್ರನ್ ಅವರ ದಾರಿಯೂ ಒಂದೇ ದಿನದಲ್ಲಿ ತೆರೆದುಕೊಳ್ಳಲಿಲ್ಲ. ದೇವರು ಎರಡು ವರಗಳನ್ನು ಕೊಟ್ಟ ಮಗುವಿಗೆ, ಎರಡನ್ನೂ ಬೆಳೆಸಿಕೊಳ್ಳಲು ಕೊಂಚ ಕಾಲಾವಕಾಶ ಕೊಡುವುದು ನಮ್ಮ ಪಾಲಿನ ಕೆಲಸ.