ಒಂದೇ ಮೇಜಿನ ಅಕ್ಕ-ತಮ್ಮ

ಚಾರ್ಲ್ಸ್ ಲ್ಯಾಂಬನ ಹೆಸರನ್ನು ನಾನು ಮೊದಲು ಕಂಡದ್ದು ಪ್ರೌಢಶಾಲೆಯ ಪಠ್ಯಪುಸ್ತಕದಲ್ಲಿ. ಎಳೆಯರಿಗಾಗಿ ಷೇಕ್ಸ್‌ಪಿಯರನ ನಾಟಕಗಳನ್ನು ಕಥೆಗಳಾಗಿಸಿದ ಈತನು ಕಷ್ಟವನ್ನೇ ಅರಿಯದ ಸುಖಜೀವಿಯಾಗಿದ್ದಿರಬೇಕೆಂದು ಆಗ ಭಾವಿಸಿದ್ದೆನು. ಆತನ ಜೀವನವೃತ್ತಾಂತವನ್ನು ಓದಿದಾಗ ಆ ಭಾವನೆ ಬುಡಮೇಲಾಯಿತು.

ಲ್ಯಾಂಬನು ಹುಟ್ಟಿದ್ದು 1775ರಲ್ಲಿ, ಲಂಡನ್ನಿನ ವಕೀಲರ ನೆಲೆಯಾದ ಇನ್ನರ್ ಟೆಂಪಲ್ಲಿನಲ್ಲಿ. ತಂದೆ ಅಲ್ಲಿನ ಹಿರಿಯ ವಕೀಲನೊಬ್ಬನ ಸೇವಕ. ಶಾಲೆಯಲ್ಲಿ ಕೋಲ್‌ರಿಜ್ ಕವಿಯ ಗೆಳೆತನ ದೊರೆಯಿತು. ಆದರೆ ಮಾತು ತೊದಲುತ್ತಿದ್ದುದರಿಂದ ವಿಶ್ವವಿದ್ಯಾನಿಲಯದ ದಾರಿ ಮುಚ್ಚಿತು. 1792ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಗುಮಾಸ್ತೆಯಾಗಿ ಸೇರಿ 33 ವರ್ಷ ಅಲ್ಲಿಯೇ ದುಡಿದನು. (1799ರಲ್ಲಿ ಶ್ರೀರಂಗಪಟ್ಟಣವು ಕಂಪೆನಿಯ ವಶವಾದಾಗ ಈ ಸಾಧುಜೀವಿ ಅದೇ ಕಂಪೆನಿಯ ಲೆಕ್ಕ ಬರೆಯುತ್ತಿದ್ದನೆಂಬುದು ನನಗೆ ಇಂದಿಗೂ ವಿಚಿತ್ರವೆನಿಸುತ್ತದೆ.)

ಅಕ್ಕ ಮೇರಿ ಅವನಿಗಿಂತ ಹತ್ತು ವರ್ಷ ಹಿರಿಯಳು. ಹೊಲಿಗೆಯಿಂದ ಸಂಪಾದಿಸಿ ಮನೆಗೆ ನೆರವಾಗುತ್ತಿದ್ದಳು. ರೋಗಿಯಾದ ತಾಯಿಯ ಶುಶ್ರೂಷೆಯೂ ಅವಳದೇ. ಹೀಗೆ ದಣಿದ ಜೀವ 1796ರ ಸೆಪ್ಟೆಂಬರ್ 22ರಂದು ಬುದ್ಧಿಯ ಹಿಡಿತ ತಪ್ಪಿತು. ಕೈಗೆ ಸಿಕ್ಕ ಚೂರಿಯಿಂದ ತಾಯಿಯನ್ನೇ ಇರಿದು ಕೊಂದಳು. ಆ ಚೂರಿಯನ್ನು ಅವಳ ಕೈಯಿಂದ ಕಸಿದುಕೊಂಡವನು 21 ವರ್ಷದ ತಮ್ಮ. ಅವಳು ಆಸ್ಪತ್ರೆಯಲ್ಲಿಯೇ ಉಳಿಯಲೆಂಬುದು ಹಿರಿಯಣ್ಣನ ಅಭಿಪ್ರಾಯವಾಗಿತ್ತು. ಚಾರ್ಲ್ಸನು ಒಪ್ಪಲಿಲ್ಲ. ಹೊಣೆಯೆಲ್ಲ ತನ್ನದೆಂದು ಮಾತುಕೊಟ್ಟನು. ತಂದೆ ತೀರಿಕೊಂಡ ಬಳಿಕ ಅವಳನ್ನು ತನ್ನೊಡನೆಯೇ ಇರಿಸಿಕೊಂಡನು. ಮದುವೆಯಾಗಲಿಲ್ಲ. ಅವಳ ರೋಗವಾದರೋ ಮತ್ತೆ ಮತ್ತೆ ಮರುಕಳಿಸುತ್ತಿತ್ತು. ಒಮ್ಮೆ ಇಬ್ಬರೂ ಅಳುತ್ತ, ಹೊಲಗಳ ನಡುವಿನ ಕಾಲುದಾರಿಯಲ್ಲಿ ಆಸ್ಪತ್ರೆಯತ್ತ ನಡೆದು ಹೋಗುತ್ತಿದ್ದುದನ್ನು ಪರಿಚಿತನೊಬ್ಬನು ಕಂಡನಂತೆ.

ಮಕ್ಕಳ ಪುಸ್ತಕಗಳು ಹುಟ್ಟಿದ್ದು ಇಂಥ ಮನೆಯಲ್ಲಿ. ಪ್ರಕಾಶಕನಾಗಿದ್ದ ವಿಲಿಯಂ ಗಾಡ್ವಿನ್ನನಿಗಾಗಿ ಅಕ್ಕ-ತಮ್ಮ ಒಂದೇ ಮೇಜಿನ ಮುಂದೆ ಕುಳಿತು ಬರೆದರು. ಏನೂ ಸಾಗದೆಂದು ತಮ್ಮನು ನರಳುವನು; ಮುಗಿದ ಮೇಲೆ ಪರವಾಗಿಲ್ಲವೆನ್ನುವನು; ಅಕ್ಕ ನಸ್ಯ ಸೇದುತ್ತ ಬರೆಯುವಳು. 20 ಕಥೆಗಳಲ್ಲಿ 14 ಮೇರಿಯವು. ದುರಂತ ನಾಟಕಗಳ ಆರು ಕಥೆಗಳು ಮಾತ್ರ ಚಾರ್ಲ್ಸನವು. ತಂದೆಯ ಪುಸ್ತಕಭಂಡಾರವನ್ನು ಹುಡುಗರಷ್ಟು ಬೇಗ ತೆರೆದು ನೋಡಲು ಅವಕಾಶವಿಲ್ಲದ ಹುಡುಗಿಯರನ್ನೇ ಮುಖ್ಯವಾಗಿ ನೆನೆದು ಬರೆದ ಪುಸ್ತಕವಿದು. ಆದರೂ 1807ರ ಮುಖಪುಟದಲ್ಲಿ ಮೇರಿಯ ಹೆಸರಿಲ್ಲ!

ಮರುವರ್ಷ ಚಾರ್ಲ್ಸನೊಬ್ಬನೇ ಯುಲಿಸೀಸನ ಸಾಹಸಗಳನ್ನು ಬರೆದನು. ಮೂಲ ಹೋಮರನದಾದರೂ ಆಧಾರ ಚ್ಯಾಪ್‌ಮನ್ನನ ಹಳೆಯ ಇಂಗ್ಲಿಷ್ ಅನುವಾದ. ಒಕ್ಕಣ್ಣಿನ ರಾಕ್ಷಸನು ನಾವಿಕರನ್ನು ತಿನ್ನುವ ಭಾಗ, ಅವನ ಕಣ್ಣು ಕೀಳುವ ಭಾಗ ಮಕ್ಕಳಿಗೆ ಘೋರವಾದಾವೆಂದು ಗಾಡ್ವಿನ್ನನು ಅಂಜಿದನು. ಪುಸ್ತಕ ಮಾರಾಟವಾಗದಿದ್ದರೆ ಎಂಬ ಚಿಂತೆಯೂ ಅವನಿಗಿತ್ತು, ಅದು ತಪ್ಪೆನ್ನಲಾರೆ. ರಾಕ್ಷಸನು ಕಾರಿಕೊಳ್ಳುವ ಹೇಸಿಗೆಯ ಮಾತೊಂದನ್ನು ಲ್ಯಾಂಬನು ಒಪ್ಪಿ ತೆಗೆದನು. ಉಳಿದುದಕ್ಕೆ ಜಗ್ಗಲಿಲ್ಲ. ಇದನ್ನು ಬಿಟ್ಟರೆ ಆರು ಮಂದಿಯನ್ನು ಕಚ್ಚಿ ಒಯ್ಯುವ ಸ್ಕಿಲ್ಲಾಳನ್ನೂ ಬಿಡಬೇಕಾದೀತೆಂಬುದು ಅವನ ವಾದ. ಗಾಡ್ವಿನ್ನನಿಗಿಂತ ಲ್ಯಾಂಬನೇ ಎಳೆಯ ಓದುಗರನ್ನು ಹೆಚ್ಚಾಗಿ ನಂಬಿದನೆಂದು ನನಗೆ ತೋರುತ್ತದೆ. ಭಯವೆಂದರೇನೆಂದು ಅವನು ಪುಸ್ತಕದಿಂದ ಕಲಿತವನಲ್ಲ.

1834ರ ಡಿಸೆಂಬರಿನಲ್ಲಿ ಲ್ಯಾಂಬನು ಎಡ್ಮಂಟನ್ನಿನಲ್ಲಿ ತೀರಿಕೊಂಡನು. ಯಾರಿಗಾಗಿ ಬಾಳಿದನೋ ಆ ಅಕ್ಕ ಇನ್ನೂ ಹನ್ನೆರಡು ವರ್ಷಕ್ಕೂ ಮೇಲೆ ಬದುಕಿದಳು. 1847ರಲ್ಲಿ ಅವನ ಸಮಾಧಿಯನ್ನೇ ತೆರೆದು ಅವಳನ್ನೂ ಅಲ್ಲಿಯೇ ಮಣ್ಣುಮಾಡಿದರು.